ಕಿಟಕಿಯಲ್ಲಿದ್ದ ಎರಡು ಲೋಟ

ಇತ್ತೀಚೆಗೆ ನನಗೊಂದು ಅಸಭ್ಯ ಅಭ್ಯಾಸ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ, ಅವರು ಕುಡಿಯಲು ನೀರು ತಂದಿಟ್ಟರೆ, ಲೋಟವನ್ನು ತುಟಿಗೆ ಒಯ್ಯುವ ಮೊದಲು ಕಿರುಬೆರಳನ್ನು ಅದರಲ್ಲಿ ಅದ್ದಿ ನಾಲಗೆಯ ತುದಿಗೆ ಮುಟ್ಟಿಸಿ ನೋಡುತ್ತೇನೆ. ತಂದುಕೊಟ್ಟವರ ಮುಖ ಸಪ್ಪಗಾಗುತ್ತದೆ. ಗಾಂಧಿಬಜಾರಿನ ಹೋಟೆಲೊಂದರಲ್ಲಿ ಮಾಣಿ ನೇರವಾಗಿ ಕೇಳಿಯೇಬಿಟ್ಟ: "ಯಾಕೆ ಸಾರ್, ನಮ್ಮ ನೀರಲ್ಲಿ ಏನಾದ್ರೂ ಇದೆಯಾ?" ನಾನು ಹುಡುಕುತ್ತಿರುವುದು ವಿಷವನ್ನಲ್ಲ, ಉಪ್ಪನ್ನು ಎಂದು ಅವನಿಗೆ ಹೇಗೆ ತಿಳಿಸಲಿ? ಅಷ್ಟು ಉದ್ದದ ಕತೆಯನ್ನು ಇಡ್ಲಿ ಆರುವುದರೊಳಗೆ ಹೇಳಿ ಮುಗಿಸಲಾಗುವುದಿಲ್ಲ. ನಿಮಗಾದರೆ ಹೇಳಬಹುದು.

ಉಪ್ಪುನೀರಿಗೂ ನಮ್ಮ ಊರಿಗೂ ಹೇಳಿಕೊಳ್ಳುವಂಥ ನಂಟಿಲ್ಲ. ಸಮುದ್ರ ನೋಡಬೇಕೆಂದರೆ ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸು ಹತ್ತಿ ಮೈಕೈ ನೋಯುವಷ್ಟು ಕುಲುಕಬೇಕು. ಬಸವನಗುಡಿಯ ನಮ್ಮ ಬೀದಿಯಲ್ಲಿ 'ಉಪ್ಪುನೀರು' ಎಂದರೆ ಬೋರ್‌ವೆಲ್ ನೀರು. ನಮ್ಮ ಮನೆಯಲ್ಲಿ ಎರಡು ನಲ್ಲಿಗಳಿವೆ. ಕಾವೇರಿಯ ನಲ್ಲಿಯ ನೀರಿನಲ್ಲಿ ಬೇಳೆ ಬೇಯಿಸುತ್ತೇವೆ, ಬೋರ್‌ವೆಲ್ಲಿನ ನೀರಿನಲ್ಲಿ ನೆಲ ಒರೆಸುತ್ತೇವೆ. ಅದರಲ್ಲಿ ನಿಜವಾಗಿ ಉಪ್ಪು ಎಷ್ಟಿದೆಯೋ ದೇವರೇ ಬಲ್ಲ. ನಿಜವಾದ ಉಪ್ಪುನೀರನ್ನು ನಾನು ಮೊದಲು ಕಂಡದ್ದು ಕಾಲೇಜಿನ ಪ್ರವಾಸದಲ್ಲಿ. ಅಲೆಯೊಳಗೆ ಮುಳುಗಿ, ಮೀನು ಕಾಣಬಹುದೆಂದು ಕಣ್ಣು ಬಿಟ್ಟೆ. ಉರಿ ತಾಳಲಾರದೆ ದಡಕ್ಕೆ ಓಡಿಬಂದವನು, ಗಾಬರಿಯಲ್ಲಿ ಅದೇ ಸಮುದ್ರದ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡು ಕಣ್ಣು ತೊಳೆದುಕೊಂಡೆ. ಗೆಳೆಯರು ಪ್ರವಾಸ ಮುಗಿಯುವವರೆಗೂ ನಗುತ್ತಿದ್ದರು. ಬೆಂಗಳೂರಿನವರಿಗೆ ನೀರೆಂದರೆ ತೊಳೆಯುವ ವಸ್ತು. ಅದೇ ಕೊಳೆ ಮಾಡಬಹುದೆಂಬ ಅನುಮಾನ ನಮಗೆ ಬರುವುದಿಲ್ಲ.

ನನ್ನ ಅನ್ನ ಮಾತ್ರ ಪೂರ್ತಿ ಕಣ್ಣಿನದು. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ತಲೆ ನೆರೆಸಿಕೊಂಡವನು ನಾನು. ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ನಿವೃತ್ತನಾದ ಮೇಲೂ ಮಾಲೀಕರು ಮದುವೆಯ ಕರೆಯೋಲೆಗಳನ್ನೂ ಒಂದೊಂದು ಪುಸ್ತಕವನ್ನೂ ಮನೆಗೆ ಕಳಿಸುತ್ತಿದ್ದರು. ಕಳೆದ ವರ್ಷ ನಾನು ನೋಡಿಕೊಟ್ಟ ಒಂದು ಪುಸ್ತಕ ಅಚ್ಚಾಗಿ ಬಂದಾಗ ಪುಟಪುಟಕ್ಕೂ ತಪ್ಪುಗಳು ಹಲ್ಲು ಕಿರಿಯುತ್ತಿದ್ದವು. ಮಾಲೀಕರು ಬಯ್ಯಲಿಲ್ಲ. "ಕಣ್ಣು ಒಂದ್ಸಲ ತೋರಿಸ್ಕೊಂಡ್ಬಿಡಿ ಸಾರ್" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ತೋರಿಸಿಕೊಂಡೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಬಲಗಣ್ಣು ಮಾಡಿಮುಗಿಸೋಣ ಎಂದರು ಡಾಕ್ಟರು, ಬಟ್ಟೆಗೆ ಗುಂಡಿ ಹೊಲಿಯುವವರ ಧಾಟಿಯಲ್ಲಿ.

ನಾನು ಸ್ವಭಾವತಃ ಹೆದರುವವನು. ಕೆಲವರಿಗೆ ಸಂಗೀತ, ಕೆಲವರಿಗೆ ಇಸ್ಪೀಟು ಇರುವ ಹಾಗೆ ನನಗೆ ಚಿಂತೆಯ ಹವ್ಯಾಸ. ಆಪರೇಷನ್ನಿಗೆ ಮುಂಚೆ ಮನೆಗೆ ಬಂದವರೆಲ್ಲ ಈ ಹವ್ಯಾಸಕ್ಕೆ ಧಾರಾಳವಾಗಿ ನೀರೆರೆದರು. ಮತ್ತಿಕೆರೆಯಲ್ಲಿ ಅವರ ಪರಿಚಯದ ಒಬ್ಬರಿಗೆ ಹೀಗಾಯಿತಂತೆ, ಬಿನ್ನಿಪೇಟೆಯಲ್ಲಿ ಇನ್ನೊಬ್ಬರಿಗೆ ಹಾಗಾಯಿತಂತೆ. ಕೊನೆಯಲ್ಲಿ ಎಲ್ಲರೂ "ನೀವೇನೂ ಯೋಚ್ನೆ ಮಾಡ್ಬೇಡಿ" ಎಂದು ಕಾಫಿ ಕುಡಿದು ಹೋದರು. ಅಷ್ಟೆಲ್ಲ ಆದರೂ ಆಪರೇಷನ್ನು ಮಾತ್ರ ಹೂವೆತ್ತಿದಷ್ಟು ಹಗುರಾಗಿ ಮುಗಿಯಿತು. ಪಟ್ಟಿ ಬಿಚ್ಚಿದಾಗ ನನ್ನ ಹೆಂಡತಿ ಸುಮಿತ್ರ ಎದುರಿಗೆ ನಿಂತಿದ್ದಳು. "ಈ ನೇರಳೆ ಸೀರೆ ಯಾವಾಗ ತಗೊಂಡೆ?" ಎಂದೆ. "ಕಂದು ಸೀರೆ, ಕಂದು ಸೀರೆ ಅಂತ ವರ್ಷಗಟ್ಲೆ ಆಡ್ಕೊಂಡ್ರಲ್ಲ, ಅದೇ ಇದು" ಎಂದಳು. ಅಷ್ಟು ವರ್ಷ ನಾನು ಜಗತ್ತನ್ನೇ ಕಾಫಿ ಸೋಸಿದ ಬಟ್ಟೆಯ ಮೂಲಕ ನೋಡುತ್ತಿದ್ದೆನೆಂದು ತೋರುತ್ತದೆ.

ಡಾಕ್ಟರು ಕೊಟ್ಟ ಎಚ್ಚರಿಕೆಗಳಲ್ಲಿ ಮುಖ್ಯವಾದದ್ದು ನೀರಿನದು. ತಲೆಗೆ ಸ್ನಾನ ಕೂಡದು, ಮುಖ ತೊಳೆಯಕೂಡದು. ಕಾವೇರಿಯಾಗಲಿ ಬೋರ್‌ವೆಲ್ಲಾಗಲಿ, ಒಂದು ಹನಿಯೂ ಕಣ್ಣಿನೊಳಗೆ ಹೋಗಬಾರದು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಮುಚ್ಚಿದ ರೆಪ್ಪೆಯನ್ನು ಹೊರಗಿನಿಂದ ಒರೆಸಬೇಕು, ಅಷ್ಟೆ. ಈ ಕೆಲಸವನ್ನು ಸುಮಿತ್ರ ವ್ರತ ಹಿಡಿದವಳಂತೆ ಮಾಡಿದಳು. ದಿನಾ ಬೆಳಗ್ಗೆ ನೀರು ಕುದಿಸಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಮೇಲೊಂದು ತಟ್ಟೆ ಮುಚ್ಚಿ, ನನ್ನ ಮಂಚದ ಪಕ್ಕದ ಕಿಟಕಿಯಲ್ಲಿ ಆರಲು ಇಡುತ್ತಿದ್ದಳು. ಆ ಲೋಟಗಳು ನಮ್ಮ ಮದುವೆಗೆ ನಮ್ಮಕ್ಕ ಕೊಟ್ಟವು. ಎಲ್ಲವೂ ಒಂದೇ ಅಳತೆ, ಎಲ್ಲದರ ಮೇಲೂ ಅವಳ ಹೆಸರು ಕೊರೆದಿದೆ.

ಅಕ್ಕನ ಹೆಸರು ರುಕ್ಮಿಣಿ. ನಮಗೆಲ್ಲ ರುಕ್ಕಕ್ಕ. ನನಗಿಂತ ಬಹಳ ದೊಡ್ಡವಳು, ಈಗ ಮಲ್ಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಮ್ಮನಿಗೆ ಕಾಯಿಲೆಯಿದ್ದ ಕಾಲದಲ್ಲಿ ನನಗೆ ಎಣ್ಣೆನೀರು ಹಾಕುತ್ತಿದ್ದವಳು ಅವಳೇ. "ಕಣ್ ಮುಚ್ಕೋ" ಎನ್ನುತ್ತಿದ್ದಳು. ಮುಚ್ಚಿದ್ದೇನೋ ಇಲ್ಲವೋ ಎಂಬ ಚಿಂತೆಯಿಂದ ನಾನು ಕಣ್ಣು ಬಿಟ್ಟು ನೋಡುತ್ತಿದ್ದೆ. ಆ ಕ್ಷಣಕ್ಕೆ ಸರಿಯಾಗಿ ಸೀಗೇಪುಡಿ ಒಳಗೆ ಇಳಿಯುತ್ತಿತ್ತು. ನಾನು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದೆ. ಅವಳು ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಯ ಹತ್ತಿರ ಹಿಡಿದು ಹಾ ಎಂದು ಊದಿ ಬೆಚ್ಚಗೆ ಮಾಡಿ, ನನ್ನ ಕಣ್ಣಿನ ಮೇಲೆ ಒತ್ತುತ್ತಿದ್ದಳು. ಉರಿ ಸೆರಗಿನಿಂದ ಹೋಗುತ್ತಿತ್ತೋ ಉಸಿರಿನಿಂದ ಹೋಗುತ್ತಿತ್ತೋ, ಅಂತೂ ಹೋಗುತ್ತಿತ್ತು.

ಆಪರೇಷನ್ ಆದ ವಾರ ಅಕ್ಕ ಮೆಟ್ರೋ ಹಿಡಿದು ಒಬ್ಬಳೇ ಬಂದಳು. ಅವಳಿದ್ದಾಗಲೇ ಎದುರುಮನೆಯವರು ಬಂದು ನನ್ನ ಕಪ್ಪು ಕನ್ನಡಕ ನೋಡಿ, "ಏನ್ ಸಾರ್, ಹೀರೋ ಥರ ಕಾಣ್ತಿದೀರಿ, ಹತ್ತು ವರ್ಷ ಚಿಕ್ಕೋರಾಗ್ಬಿಟ್ರಿ" ಎಂದುಬಿಟ್ಟರು. ನನಗೆ ಖುಷಿಯಾಯಿತು, ಅಕ್ಕನ ಮುಖ ಗಂಟಿಕ್ಕಿತು. ಅವರು ಹೊರಟ ಕೂಡಲೇ "ಇಂಥ ಕಣ್ಣು ಬಿದ್ರೆ ಕಲ್ಲೂ ಸೀಳುತ್ತೆ" ಎಂದು ಎದ್ದಳು. ಸುಮಿತ್ರ ಹೂವು ತರಲು ಗಾಂಧಿಬಜಾರಿಗೆ ಹೋಗಿದ್ದಳು. ದೀಪ ಹಚ್ಚುವ ಹೊತ್ತು. ಅಕ್ಕ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಮುಷ್ಟಿ ತುಂಬ ಕಲ್ಲುಪ್ಪು ಹಿಡಿದು ಬಲಕ್ಕೂ ಎಡಕ್ಕೂ ಸುಳಿಸಿ, ಬಂದವರ ಕಣ್ಣು, ನಿಂತವರ ಕಣ್ಣು, ಹೊಗಳಿದವರ ಕಣ್ಣು ಎಂದು ಬೀದಿಯವರನ್ನೆಲ್ಲ ಸೇರಿಸಿಕೊಂಡು ನನಗೆ ದೃಷ್ಟಿ ತೆಗೆದಳು. ಉಪ್ಪನ್ನು ಒಂದು ಲೋಟ ನೀರಿಗೆ ಹಾಕಿ, ತಟ್ಟೆ ಮುಚ್ಚಿ, ತಡವರಿಸುತ್ತ ಕಿಟಕಿಯಲ್ಲಿ ಇಟ್ಟಳು. "ಉಪ್ಪು ಕರಗಿದ ಹಾಗೆ ಕಣ್ಣೂ ಕರಗುತ್ತೆ. ಬೆಳಗ್ಗೆ ಯಾರೂ ತುಳೀದ ಕಡೆ ಚೆಲ್ಲು ಅಂತ ಸುಮಿತ್ರಂಗೆ ಹೇಳು" ಎಂದು, ಕತ್ತಲಾಗುವ ಮುನ್ನ ಹೋಗಬೇಕೆಂದು ಹೊರಟುಬಿಟ್ಟಳು. ಹೇಳಲು ನಾನು ಮರೆತೆ.

ಮರುದಿನ ಬೆಳಗ್ಗೆ ಸುಮಿತ್ರ ಎಂದಿನಂತೆ ನೀರು ಕುದಿಸಿ ತಂದು ಕಿಟಕಿಯಲ್ಲಿಟ್ಟಳು. ಅಲ್ಲಿದ್ದ ಇನ್ನೊಂದು ಲೋಟ ನಾನು ಕುಡಿದು ಬಿಟ್ಟ ನೀರೆಂದುಕೊಂಡಳಂತೆ. "ಆರ್ಲಿ, ಸ್ನಾನ ಮುಗಿಸಿ ಬಂದು ಒರೆಸ್ತೀನಿ. ನೀವು ಕೈ ಹಾಕ್ಬೇಡಿ" ಎಂದು ಹೋದಳು. ಕೈ ಹಾಕಬೇಡಿ ಎಂದಾಗಲೇ ನನಗೆ ಕೈ ತುರಿಸುವುದು. ಜೀವಮಾನವೆಲ್ಲ ತಪ್ಪು ಹಿಡಿದವನಿಗೆ ರೆಪ್ಪೆ ಒರೆಸಿಕೊಳ್ಳಲು ಬಾರದೆ? ಒಂದು ಲೋಟ ಮುಟ್ಟಿದೆ, ಬಿಸಿಯಿತ್ತು. ಇನ್ನೊಂದು ಮುಟ್ಟಿದೆ, ತಣ್ಣಗಿತ್ತು. ಆರಿದ ನೀರಲ್ಲವೇ ಬೇಕಾದದ್ದು? ನನ್ನ ತರ್ಕದಲ್ಲಿ ಎಲ್ಲೂ ಲೋಪವಿರಲಿಲ್ಲ. ತಣ್ಣಗಿದ್ದುದರಲ್ಲಿ ಹತ್ತಿ ಅದ್ದಿದೆ. ಹಿಂಡಿದರೆ ನೀರೆಲ್ಲ ಹೋಗಿ ಕಣ್ಣು ಸ್ವಚ್ಛವಾಗಲಿಕ್ಕಿಲ್ಲವೆಂದು ಹಿಂಡಲೂ ಇಲ್ಲ. ಒತ್ತಿದೆ. ಸಣ್ಣಗೆ ಕಣ್ಣು ತೆರೆದು ಸರಿಯಾಗಿ ಒತ್ತಿದ್ದೇನೆಯೇ ಎಂದೂ ನೋಡಿದೆ.

ಉರಿ ಎಂದರೆ ಉರಿ. ಮೆಣಸಿನಕಾಯಿ ಅರೆದು ತುಂಬಿದಂತಾಯಿತು. ನನ್ನ ಕೂಗು ಕೇಳಿ ಸುಮಿತ್ರ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿಬಂದಳು. "ಯಾವ ಲೋಟ ತಗೊಂಡ್ರಿ?" ಎಂದಳು. ತೋರಿಸಿದೆ. ಕಿರುಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡಳು. ಅವಳ ಮುಖ ಬಿಳಿಚಿಕೊಂಡದ್ದು ನನ್ನ ಎಡಗಣ್ಣಿನ ಪೊರೆಯೊಳಗಿಂದಲೂ ಕಂಡಿತು. "ಅಯ್ಯೋ, ಇದು ಉಪ್ಪುನೀರು ಕಣ್ರೀ!" ಎಂದಳು. ಆಗ ನೆನಪಾಯಿತು. ಬೀದಿಯವರೆಲ್ಲರ ಕಣ್ಣು ಕರಗಿದ್ದ ನೀರನ್ನು ನಾನು ನನ್ನ ಕಣ್ಣಿಗೇ ಹುಯ್ದುಕೊಂಡಿದ್ದೆ.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ನನ್ನ ತಲೆಯಲ್ಲಿ ಓಡಿದ್ದನ್ನೆಲ್ಲ ಹೇಳಿದರೆ ನೀವೂ ನಗುತ್ತೀರಿ. ಆಗ ನಗು ಬರಲಿಲ್ಲ. ಬಲಗಣ್ಣು ಹೋಯಿತು ಎಂದೇ ತೀರ್ಮಾನಿಸಿದೆ. ಎಡಗಣ್ಣಿನ ಆಪರೇಷನ್ನಿಗೆ ಇನ್ನು ಧೈರ್ಯ ಬರುವುದಿಲ್ಲ, ಅದೂ ಮಂಜಾಗುತ್ತದೆ, ಅಲ್ಲಿಗೆ ಅಕ್ಷರಗಳು ಮುಗಿದವು. ಓದಲಾಗದ ಮೇಲೆ ಬೆಳಗ್ಗೆ ಎದ್ದು ನಾನು ಮಾಡುವುದಾದರೂ ಏನು? ನಮ್ಮ ಮಾತಿನಲ್ಲಿ ಕಣ್ಣಿಗೆ ಏನೇನನ್ನೋ ಹಾಕುತ್ತೇವೆ. ಎಣ್ಣೆ ಬಿಟ್ಟುಕೊಂಡು ಕಾಯುತ್ತೇವೆ, ಮಣ್ಣೆರಚಿ ಮೋಸ ಮಾಡುತ್ತೇವೆ. ಉಪ್ಪನ್ನು ಮಾತ್ರ ಗಾಯಕ್ಕೆ ಸವರಲು ಇಟ್ಟುಕೊಂಡಿದ್ದೇವೆ. ನನ್ನದು ಕಣ್ಣೂ ಹೌದು, ಗಾಯವೂ ಹೌದು. ಸುಮಿತ್ರ ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಪ್ರೀತಿಗೆಂದು ತಿಳಿದಿದ್ದೆ, ಕಣ್ಣು ಉಜ್ಜದಿರಲೆಂದು ಹಿಡಿದಿದ್ದಳಂತೆ.

ಡಾಕ್ಟರು ಎಲ್ಲವನ್ನೂ ಕೇಳಿ, ನಗುವನ್ನು ಮಾಸ್ಕಿನ ಹಿಂದೆ ಬಚ್ಚಿಟ್ಟುಕೊಂಡು, ನನ್ನನ್ನು ಮಲಗಿಸಿ ಒಂದು ಬಾಟಲಿಯಿಂದ ಕಣ್ಣಿಗೆ ಧಾರೆ ಬಿಟ್ಟರು. ಹಿತವಾಗಿತ್ತು. "ಇದು ಯಾವ ಔಷಧಿ ಡಾಕ್ಟ್ರೇ?" ಎಂದೆ. "ಉಪ್ಪುನೀರು" ಎಂದರು. ನಾನು ಎದ್ದು ಕುಳಿತುಬಿಟ್ಟೆ. ಅವರು ಮತ್ತೆ ಮಲಗಿಸಿದರು. "ಕಣ್ಣೀರಲ್ಲಿ ಉಪ್ಪು ಎಷ್ಟಿದೆಯೋ ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಅದಕ್ಕೆ ಕಣ್ಣು ಇದನ್ನ ತನ್ನದೇ ಅನ್ಕೊಳ್ಳುತ್ತೆ. ನಿಮ್ಮ ಲೋಟದಲ್ಲಿ ಉಪ್ಪಿನಕಾಯಿಗೆ ಹಾಕುವಷ್ಟಿತ್ತು. ಉಪ್ಪು ಜಾಸ್ತಿಯಾದ್ರೆ ಕಣ್ಣಿನ ಮೇಲಿರೋ ನೀರನ್ನ ಎಳ್ಕೊಂಡ್ಬಿಡುತ್ತೆ, ಅದೇ ಉರಿ." ಐವತ್ತು ವರ್ಷದ ಹಿಂದೆ ಸಮುದ್ರದ ದಡದಲ್ಲಿ ಯಾರಾದರೂ ನನಗೆ ಇಷ್ಟು ಹೇಳಬಹುದಿತ್ತು. "ಹಾಗಾದ್ರೆ ಅತ್ರೆ?" ಎಂದೆ. "ಧಾರಾಳವಾಗಿ ಅಳಿ. ಉಜ್ಜಬೇಡಿ, ಅಷ್ಟೆ." ಆಮೇಲೆ ದನಿ ತಗ್ಗಿಸಿ, "ಉಪ್ಪಿನ ಯೋಚ್ನೆ ಇಲ್ಲ ಸಾರ್. ಆ ನೀರು ಕುದಿಸಿದ್ದಲ್ಲವಲ್ಲ, ಇಡೀ ರಾತ್ರಿ ಇಟ್ಟಿದ್ದು. ಸೋಂಕು ಆಗ್ದೆ ಇದ್ರೆ ಸಾಕು. ಡ್ರಾಪ್ಸ್ ಬದಲಾಯಿಸ್ತೀನಿ. ನೋವು ಹೆಚ್ಚಾದ್ರೆ, ಮಂಜಾದ್ರೆ ತಕ್ಷಣ ಬನ್ನಿ. ಇಲ್ದಿದ್ರೆ ನಾಳೆ ಬನ್ನಿ" ಎಂದರು.

ಚಿಂತೆಯ ಹವ್ಯಾಸವಿರುವವನಿಗೆ "ಇಲ್ಲದಿದ್ದರೆ ನಾಳೆ" ಎನ್ನುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಆ ದಿನವೆಲ್ಲ ಎಡಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ಎದುರು ನಿಂತೆ. ದಪ್ಪ ಅಂಕಿ ಕಂಡಿತು. ತಿಥಿ ಕಂಡಿತು. ರಾಹುಕಾಲದ ಸಣ್ಣಕ್ಷರ ಕಂಡಿತು. ಕಂಡದ್ದು ನಿಜವೋ, ದಿನಾ ನೋಡಿ ಬಾಯಿಪಾಠವಾದದ್ದೋ ಎಂಬ ಅನುಮಾನ ಬಂದು, ಸುಮಿತ್ರಳಿಗೆ ಬೇರೆ ತಿಂಗಳು ತಿರುಗಿಸಲು ಹೇಳಿದೆ. ಅದೂ ಕಂಡಿತು. ಕಾಲು ಗಂಟೆ ಕಳೆದು ಮತ್ತೆ ನಿಂತೆ. ಮಧ್ಯಾಹ್ನದ ಹೊತ್ತಿಗೆ ಸುಮಿತ್ರ, "ಮುಂದಿನ ವರ್ಷದ್ದು ಇನ್ನೂ ಅಚ್ಚಾಗಿಲ್ಲ, ಕೂತ್ಕೊಳ್ಳಿ" ಎಂದಳು. ಅವಳೂ ಊಟ ಮಾಡಿರಲಿಲ್ಲ.

ನಾನು ಅಕ್ಕನ ಮೇಲೆ ಸಿಡುಕಿದೆ. ಉಪ್ಪಂತೆ, ದೃಷ್ಟಿಯಂತೆ, ಈ ಕಾಲದಲ್ಲಿ! ಮಾಮೂಲಾಗಿ ಅತ್ತಿಗೆಯ ವಿಷಯದಲ್ಲಿ ಎರಡು ಮಾತು ಹೆಚ್ಚೇ ಆಡುವ ಸುಮಿತ್ರ ಅಂದು ಮಾತ್ರ, "ಅವರಿಗೆ ಈ ವಿಷ್ಯ ಗೊತ್ತಾಗ್ಕೂಡ್ದು. ಎದೆ ಒಡ್ಕೊಂಡ್ಬಿಡ್ತಾರೆ. ಲೋಟ ನೋಡ್ದೆ ತಗೊಂಡೋರು ನೀವು" ಎಂದಳು. ಸಂಜೆ ಅಕ್ಕನ ಫೋನು ಬಂತು. "ಉಪ್ಪು ಚೆಲ್ಲಿದ್ರಾ?" "ಚೆಲ್ಲಿದ್ವಿ." "ಎಲ್ಲಿ?" "ಯಾರೂ ತುಳೀದ ಕಡೆ" ಎಂದೆ. ಸುಳ್ಳೇನಲ್ಲವಲ್ಲ. ಅವಳು ಅಲ್ಲಿಗೆ ಬಿಡಲಿಲ್ಲ. ಉರಿ ಇದೆಯಾ? ಸೂಜಿ ಚುಚ್ಚಿದಾಗ ನೋವಾಯ್ತಾ? ಅವರು ಮಾಡೋದು ನಮಗೆ ಕಾಣುತ್ತಾ? ಕಣ್ಣಲ್ಲಿ ಬೆಂಕಿ ಬಿದ್ದಿದ್ದವನು "ಏನೂ ಇಲ್ಲಕ್ಕ, ಮಲ್ಲಿಗೆ ಹೂ ಇಟ್ಟ ಹಾಗಿದೆ" ಎಂದೆ. "ನಿಜ್ವಾಗ್ಲೂ?" ಎಂದಳು. "ನಿಜ್ವಾಗ್ಲೂ" ಎಂದೆ.

ಸೋಂಕು ಆಗಲಿಲ್ಲ. ಮರುದಿನವೂ, ಅದರ ಮುಂದಿನ ವಾರವೂ ಡಾಕ್ಟರು ಬೆಳಕು ಬಿಟ್ಟು ನೋಡಿ, ನನ್ನ ಬೆನ್ನು ತಟ್ಟಿ, "ಅದೃಷ್ಟವಂತ್ರು" ಎಂದರು. ಮನೆಗೆ ಬಂದು ಒಂದು ಕರೆಯೋಲೆಯ ಕರಡು ಹಿಡಿದು, ಮದುಮಗನ ಅಜ್ಜನ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರ ಹಿಡಿದಾಗ ನನಗೆ ಆದ ಸಂತೋಷವನ್ನು ಆ ಅಜ್ಜನೂ ಪಟ್ಟಿರಲಾರ.

ಅದೇ ವಾರದ ಭಾನುವಾರ ಅಕ್ಕ ಮತ್ತೆ ಬಂದಳು. ನನ್ನ ಹೊಸ ಕಣ್ಣು ಅವಳನ್ನು ಹತ್ತಿರದಿಂದ, ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಇಷ್ಟು ಸುಕ್ಕುಗಳು ಯಾವಾಗ ಬಂದವು? ಅವಳ ಕಣ್ಣೊಳಗೆ ನೋಡಿದೆ. ಎರಡೂ ಪಾಪೆಗಳ ಮೇಲೆ ಹಾಲು ಕದಡಿದಂತೆ ಬಿಳುಪು. ಸುಮಿತ್ರ ಮುಂದಿಟ್ಟ ಕಾಫಿಯನ್ನು ಅವಳು ಮೇಜಿನ ಮೇಲೆ ಕೈಯಾಡಿಸಿ ಹುಡುಕಿ ತೆಗೆದುಕೊಂಡಳು. ಅಂದು ಕಿಟಕಿಯಲ್ಲಿ ಲೋಟವನ್ನು ತಡವರಿಸುತ್ತ ಇಟ್ಟದ್ದು ಏಕೆಂದು ನನಗೆ ಈಗ ತಿಳಿಯಿತು. ಈ ಕಣ್ಣಿಟ್ಟುಕೊಂಡು ಅವಳು ಮಲ್ಲೇಶ್ವರದಿಂದ ಒಬ್ಬಳೇ ಬಂದು ಹೋಗುತ್ತಿದ್ದಳು.

"ಅಕ್ಕ, ನಿಂಗೆ ಕಾಣ್ಸುತ್ತಾ?" ಎಂದೆ.

ಅವಳು ಕಾಫಿಯನ್ನು ಕೆಳಗಿಟ್ಟಳು. "ಒಂದೆರಡು ವರ್ಷ ಆಯ್ತು ಕಣೋ ಮಂಜಾಗಿ. ಮಗಳಿಗೂ ಹೇಳಿಲ್ಲ. ಹೇಳಿದ್ರೆ ಕೊಯ್ಸು ಅಂತಾಳೆ, ನಂಗೆ ಭಯ. ನಿಂದು ಸರಿಹೋದ್ರೆ ನಾನೂ ಮಾಡಿಸ್ಕೊಳೋದು, ಹೆಚ್ಚುಕಡಿಮೆ ಆದ್ರೆ ಈ ಜನ್ಮಕ್ಕೆ ಇಷ್ಟೇ ಬೆಳಕು ಅಂತ ಸುಮ್ನಿರೋದು ಅಂತ ತೀರ್ಮಾನ ಮಾಡಿದ್ದೆ. ಅದಕ್ಕೇ ದಿನಾ ಫೋನ್ ಮಾಡಿ ಕೇಳ್ತಿದ್ದೆ. ನೀನು ಮಲ್ಲಿಗೆ ಹೂ ಅಂದ್ಯಲ್ಲ, ಆವತ್ತೇ ಧೈರ್ಯ ಬಂತು."

ಸುಮಿತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಆ ಸಂಜೆ ಸಿಡುಕಿನಲ್ಲಿ ನಿಜ ಒದರಿದ್ದರೆ ಹೋಗುತ್ತಿದ್ದುದು ನನ್ನ ಒಂದು ಕಣ್ಣಲ್ಲ, ಅಕ್ಕನ ಎರಡೂ.

ಅಕ್ಕನ ಬಲಗಣ್ಣಿನ ಆಪರೇಷನ್ನು ಹೋದ ತಿಂಗಳು ಆಯಿತು. ನೋಡಲು ಮಲ್ಲೇಶ್ವರಕ್ಕೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಗತ್ತಿನಿಂದ ಕುಳಿತಿದ್ದ ಅವಳು ನನ್ನನ್ನು ಕಂಡವಳೇ, "ಬಂದ್ಯಾ? ಇಲ್ಲೂ ಅಕ್ಕಪಕ್ಕದೋರೆಲ್ಲ ಬಂದು ನೋಡಿ ಹೋಗಿದಾರೆ. ನಿಂಗೆ ಅಷ್ಟು ಚೆನ್ನಾಗಿ ಕೆಲಸ ಮಾಡ್ತಲ್ಲ, ನಂಗೂ ಉಪ್ಪು ಸುಳಿಸು" ಎಂದಳು. ನಾನು ಸುಳಿಸಿದೆ. ಬೀದಿಯವರ ಕಣ್ಣುಗಳನ್ನೆಲ್ಲ ಮರೆಯದೆ ಕರೆದೆ. ಉಪ್ಪನ್ನು ಲೋಟದ ನೀರಿಗೆ ಹಾಕಿದೆ. ಎಲ್ಲಿಡಲಿ ಎಂದು ಸುತ್ತಲೂ ನೋಡಿದೆ. ಕಿಟಕಿಯಲ್ಲಿ ಬೇಡ. ಮೇಜಿನ ಮೇಲೆ ಬೇಡ. ಕೊನೆಗೆ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು, ಅವಳೆದುರು ಕುರ್ಚಿಯಲ್ಲಿ ಕುಳಿತೆ. ಬೇಗ ಕರಗಲೆಂದು ಆಗಾಗ ಅಲ್ಲಾಡಿಸಿದೆ. ಕರಗಿದೆಯೇ ನೋಡಲು ಕಿರುಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡೆ. ಪಕ್ಕದಲ್ಲಿದ್ದ ಅವಳ ಕುದಿಸಿದ ನೀರಿನ ಲೋಟಕ್ಕೂ ಬೆರಳು ಅದ್ದಿ, ಅಲ್ಲಿ ಉಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಬೆರಳು ಅದ್ದಿದ ನೀರು ಕಣ್ಣಿಗೆ ಆಗದೆಂದು ನೆನಪಾಗಿ, ಅದನ್ನೂ ಚೆಲ್ಲಿ ಬೇರೆ ಕುದಿಸಲು ಅವಳ ಮಗಳಿಗೆ ಕೂಗಿ ಹೇಳಿದೆ.

ಅಕ್ಕ ಕನ್ನಡಕ ತೆಗೆದು ತನ್ನ ಹೊಸ ಕಣ್ಣಿನಿಂದ ನನ್ನನ್ನೇ ದಿಟ್ಟಿಸುತ್ತಿದ್ದಳು. ಆ ಕಣ್ಣು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

"ಲೋ," ಎಂದಳು. "ಆವತ್ತು ಆ ನೀರನ್ನ ಎಲ್ಲಿ ಚೆಲ್ಲಿದೆ, ನಿಜ ಹೇಳು."

ನಾನು ಲೋಟ ನೋಡುತ್ತ ಕುಳಿತೆ.

"ಕಣ್ಣಿಗೆ ಹಾಕ್ಕೊಂಡ್ಯಾ?"

ತಲೆಯಾಡಿಸಿದೆ. ಅವಳು ಎದೆ ಒಡೆದುಕೊಳ್ಳುತ್ತಾಳೆಂದು ಹೆದರಿದ್ದೆ. ಅವಳು ನಕ್ಕಳು. "ಆಗ್ಲೂ ಹಂಗೇ, ಕಣ್ ಮುಚ್ಕೋ ಅಂದ್ರೆ ಬಿಟ್ಕೊಂಡು ನೋಡ್ತಿದ್ದೆ" ಎಂದು, ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು. ನಗು ಎಲ್ಲಿ ತಿರುಗಿತೋ ತಿಳಿಯಲಿಲ್ಲ. "ಅಷ್ಟು ಉರೀಲಿ ಮಲ್ಲಿಗೆ ಹೂ ಅಂದ್ಯೇನೋ" ಎನ್ನುವಷ್ಟರಲ್ಲಿ ಹೊಸ ಕಣ್ಣೂ ಹಳೆ ಕಣ್ಣೂ ಒಟ್ಟಿಗೆ ತುಂಬಿ ಬಂದವು. ಅಭ್ಯಾಸಬಲದಿಂದ ಅವಳ ಕೈ ಸೆರಗಿನ ತುದಿಯನ್ನು ಹುಡುಕಿತು. ನಾನು ಎದ್ದು ಹೋಗಿ ಆ ಕೈ ಹಿಡಿದುಕೊಂಡೆ.

"ಉಜ್ಜಬೇಡಕ್ಕ. ಅಳು, ಅಳೋದಕ್ಕೆ ಅಡ್ಡಿಯಿಲ್ಲ ಅಂದಿದಾರೆ ಡಾಕ್ಟ್ರು."

ಅವಳ ಕೆನ್ನೆಯ ಮೇಲೆ ಇಳಿದ ನೀರು ನಮ್ಮಿಬ್ಬರ ಕೈಯ ಮೇಲೆ ಬಿತ್ತು. ಅದನ್ನೊಂದು ಮಾತ್ರ ನಾನು ನಾಲಗೆಗೆ ಇಟ್ಟು ನೋಡಲಿಲ್ಲ.